ಐದು ಫ್ಯಾನಿನ ಪೆಟ್ಟಿಗೆಗೆ ಮರುಳಾಗುವ ಮುನ್ನ

ಬೆಳಕು ಜೋರು, ಬೆಲೆ ಕಡಿಮೆ, ಒಂದೇ ಪೆಟ್ಟಿಗೆಯಲ್ಲಿ ಐದು ಫ್ಯಾನು. ಈ ಮಾತಿಗೆ ಮರುಳಾಗಿ ಕಳೆದ ವರ್ಷ ನಾನು ಕಳೆದುಕೊಂಡದ್ದು ಒಂದು ಮದರ್‌ಬೋರ್ಡ್, ಒಟ್ಟು 11,500 ರೂಪಾಯಿ ಮತ್ತು ಅರ್ಧ ಮಳೆಗಾಲದ ಕೆಲಸ. ಸೆಕೆಗೆ ಹೆದರಿ ಡೆಸ್ಕ್‌ಟಾಪ್‌ಗೆ ಫ್ಯಾನು ತರಲು ಹೊರಟವರು ಇದನ್ನು ಓದಿ ಹೊರಡಿ.

ನನ್ನ ಮನೆ ಮಲ್ಪೆಯಲ್ಲಿ. ಹಳೆಯ ಯಕ್ಷಗಾನ, ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಸೊರಸೊರ ಸದ್ದು ತೆಗೆದು ಕೊಡುವುದು ನನ್ನ ಉಪಕಸುಬು. ಈ ಕೆಲಸಕ್ಕೆ ಎರಡು ಬೇಕು: ಗಂಟೆಗಟ್ಟಲೆ ದುಡಿಯುವ ಪ್ರೊಸೆಸರ್ ಮತ್ತು ಸದ್ದಿಲ್ಲದ ಕೋಣೆ. ಏಪ್ರಿಲ್‌ನಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ಪ್ರೊಸೆಸರ್ 94ಕ್ಕೆ ಏರಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳತೊಡಗಿತು. ಅರ್ಧ ಗಂಟೆಯ ಕೆಲಸಕ್ಕೆ ಒಂದು ಗಂಟೆ. ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೋದೆ.

ಅಂಗಡಿಯ ಹೆಸರು ಬೇಡ. ಅಲ್ಲಿದ್ದ ಹುಡುಗ ನನ್ನ ಕ್ಯಾಬಿನೆಟ್ ಯಾವುದು, ಅದರ ಎದುರಿನ ಮುಖ ಹೇಗಿದೆ ಎಂದು ಒಂದು ಮಾತೂ ಕೇಳಲಿಲ್ಲ. “ಐದು ಹಾಕಿ ಸರ್, ಒಳಗೆ ಎಸಿ ಇಟ್ಟ ಹಾಗೆ ಆಗುತ್ತದೆ” ಎಂದ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಆದರೆ ಎಸಿಯ ಮಾತಿಗಾದರೂ ನನಗೆ ಎಚ್ಚರವಾಗಬೇಕಿತ್ತು. ಫ್ಯಾನು ಯಾವುದನ್ನೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ನಮಗೆ ಫ್ಯಾನಿನ ಕೆಳಗೆ ಹಾಯೆನಿಸುವುದು ಬೆವರು ಆರುವುದರಿಂದ, ಕಂಪ್ಯೂಟರಿಗೆ ಬೆವರಿಲ್ಲ. ಹಾಗಾಗಿ ಕರಾವಳಿಯ ಕಂಪ್ಯೂಟರಿಗೆ ವಿಶೇಷ ಫ್ಯಾನು ಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ತೇವದ 33 ಡಿಗ್ರಿಯೂ ಬಯಲುಸೀಮೆಯ ಒಣ 33 ಡಿಗ್ರಿಯೂ ಅದಕ್ಕೆ ಹೆಚ್ಚುಕಡಿಮೆ ಒಂದೇ.

2,800 ರೂಪಾಯಿ ಕೊಟ್ಟು ತಂದ ಪೆಟ್ಟಿಗೆಯಲ್ಲಿ 120 ಮಿಲಿಮೀಟರಿನ ಐದು ಫ್ಯಾನು, ಎಲ್ಲ ಫ್ಯಾನುಗಳ ತಂತಿ ಸೇರಿಸುವ ಒಂದು ಹಬ್, ಒಂದು ರಿಮೋಟ್. ಮೂರನ್ನು ಎದುರಿಗೆ, ಎರಡನ್ನು ಮೇಲ್ಗಡೆ ಕೂರಿಸಿದೆ. ಬೆಳಕೇನೋ ಕಣ್ಣು ಕುಕ್ಕುವಂತಿತ್ತು. ಉಷ್ಣತೆ ಮಾತ್ರ 94ರಿಂದ 91ಕ್ಕೆ ಇಳಿದು ಅಲ್ಲಿಯೇ ನಿಂತಿತು. ಐದು ಫ್ಯಾನಿಗೆ ಮೂರು ಡಿಗ್ರಿ!

ಕಾರಣ ತಿಳಿದದ್ದು ಒಂದು ಅಗರಬತ್ತಿಯಿಂದ. ಹಚ್ಚಿ ಕ್ಯಾಬಿನೆಟ್‌ನ ಎದುರು ಹಿಡಿದರೆ ಹೊಗೆ ನೆಟ್ಟಗೆ ಮೇಲೇರುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಎದುರಿಗಿದ್ದುದು ಇಡೀ ಗಾಜು. ಅದರ ಅಂಚಿನಲ್ಲಿ ಬೆರಳು ತೂರದಷ್ಟು ಸಂದು. ಮೂರು ಫ್ಯಾನುಗಳು ಗೋಡೆಗೆ ಮುಖ ಮಾಡಿ ತಿರುಗುತ್ತಿದ್ದವು. ಹಿಂಬದಿಯ ಸೀಳುಗಳ ಬಳಿ ಹಿಡಿದಾಗ ಹೊಗೆ ಸರಕ್ಕನೆ ಒಳಗೆ ಹೋಯಿತು. ಅಂದರೆ ಮೇಲಿನ ಫ್ಯಾನುಗಳು ಹಿಂದಿನಿಂದ ಗಾಳಿ ಎಳೆದು ಹಾಗೆಯೇ ಹೊರಹಾಕುತ್ತಿದ್ದವು, ಪ್ರೊಸೆಸರ್‌ಗೆ ಸಿಗುತ್ತಿದ್ದುದು ಸೋರಿದ ಪಾಲು. ಗಾಜನ್ನು ಕಳಚಿ ಅದೇ ಕೆಲಸ ಓಡಿಸಿದೆ: 82. ಒಂದು ರೂಪಾಯಿ ಖರ್ಚಿಲ್ಲದೆ ಒಂಬತ್ತು ಡಿಗ್ರಿ. ಈ ಪರೀಕ್ಷೆಯನ್ನು ನೀವು ಫ್ಯಾನು ಕೊಳ್ಳುವ ಮೊದಲೇ ಮಾಡಿ. ಎದುರಿನ ಫಲಕ ಕಳಚಿದಾಗ ಉಷ್ಣತೆ ಚೆನ್ನಾಗಿ ಇಳಿದರೆ ನಿಮಗೆ ಬೇಕಿರುವುದು ಫ್ಯಾನಲ್ಲ, ಜಾಲರಿ ಮುಖದ ಕ್ಯಾಬಿನೆಟ್.

ಇನ್ನು ಸದ್ದು. ಮೇ ಕೊನೆಯ ಪತ್ತನಾಜೆ ಕಳೆದು, ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಹಿರಿಯ ಭಾಗವತರೊಬ್ಬರು ತಮ್ಮ ಹಳೆಯ ಕ್ಯಾಸೆಟ್‌ಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದರು. ಕುಳಿತು ಎರಡು ನಿಮಿಷವಾಗಿರಲಿಲ್ಲ. “ಎರಡು ಶ್ರುತಿಪೆಟ್ಟಿಗೆ ಇಟ್ಟಿದ್ದೀಯಾ ಮಾರಾಯ? ಒಂದಕ್ಕೊಂದು ಕೂಡುತ್ತಿಲ್ಲವಲ್ಲ” ಎಂದರು. ಒಂದೂವರೆ ತಿಂಗಳಿಂದ ನನಗೆ ತಲೆನೋವು ತರಿಸುತ್ತಿದ್ದ ಆ ‘ವೂಂ... ವೂಂ...’ ಏನೆಂದು ಅವರ ಕಿವಿ ಕೂಡಲೇ ಹೇಳಿತ್ತು. ಲೆಕ್ಕ ಸರಳವಾಗಿದೆ. ಒಂಬತ್ತು ರೆಕ್ಕೆಯ ಫ್ಯಾನು ನಿಮಿಷಕ್ಕೆ 1,200 ಸುತ್ತು ತಿರುಗಿದರೆ ಸೆಕೆಂಡಿಗೆ 180 ಬಾರಿ ಗಾಳಿಯನ್ನು ಬಡಿಯುತ್ತದೆ, ಅಂದರೆ 180 ಹರ್ಟ್ಸ್‌ನ ಸ್ವರ. ಪಕ್ಕದ್ದು 1,180 ಸುತ್ತಾದರೆ ಅದರ ಸ್ವರ 177. ಎರಡೂ ಸೇರಿ ಸೆಕೆಂಡಿಗೆ ಮೂರು ಬಾರಿ ಉಬ್ಬಿ ಇಳಿಯುತ್ತವೆ. ಶ್ರುತಿ ಸೇರದ ತಂಬೂರಿಯಂತೆ. ಅಗ್ಗದ ಫ್ಯಾನುಗಳಲ್ಲಿ ಒಂದರ ವೇಗ ಇನ್ನೊಂದಕ್ಕೆ ಸರಿಯಾಗಿ ಹೊಂದುವುದು ಅಪರೂಪ. ಐದಿದ್ದರೆ ಐದು ಶ್ರುತಿ.

ಪೆಟ್ಟಿಗೆಯ ಮೇಲೆ ಡೆಸಿಬಲ್ ಅಂಕಿ ಇತ್ತು. ಯಾವ ವೇಗದಲ್ಲಿ, ಎಷ್ಟು ದೂರದಿಂದ ಅಳೆದದ್ದು ಎಂಬುದು ಇರಲಿಲ್ಲ, ಮತ್ತು ಅದಿಲ್ಲದ ಅಂಕಿ ಬರೀ ಅಲಂಕಾರ. ಗಾಳಿಯ ಅಳತೆಯ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಕೂಡ ಎದುರು ಏನೂ ಅಡ್ಡವಿಲ್ಲದಾಗಿನ ಲೆಕ್ಕ. ಜಾಲರಿ, ಧೂಳಿನ ಸೋಸುಕ, ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್‌ನ ಒತ್ತೊತ್ತಾದ ತಗಡುಗಳ ನಡುವೆ ಗಾಳಿ ತೂರಿಸಬೇಕಾದರೆ ಬೇಕಾದದ್ದು ಸ್ಥಿರ ಒತ್ತಡ, ಅದನ್ನು ನೀರಿನ ಮಿಲಿಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಅದು ಇರಲೇ ಇಲ್ಲ. ಬೇರಿಂಗ್ ಯಾವ ಬಗೆಯದೆಂಬುದೂ ಇರಲಿಲ್ಲ. ಮೇಲ್ಗಡೆ ಅಡ್ಡ ಮಲಗಿಸಿದ್ದ ಎರಡರಲ್ಲಿ ಒಂದು ಎರಡೇ ತಿಂಗಳಲ್ಲಿ ಕರಕರ ಎನ್ನತೊಡಗಿದಾಗ ಅದು ಸಾದಾ ಸ್ಲೀವ್ ಬೇರಿಂಗ್ ಎಂದು ತಿಳಿಯಿತು. ಮಲಗಿಸಿ ಕೂರಿಸುವ ಜಾಗಕ್ಕೆ ಅದು ಬೇಡ. ಫ್ಲೂಯಿಡ್ ಡೈನಮಿಕ್ ಅಥವಾ ಬಾಲ್ ಬೇರಿಂಗ್ ನೋಡಿ.

ವೇಗ ತಗ್ಗಿಸೋಣವೆಂದರೆ ಹಬ್ ನೇರವಾಗಿ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ವಿದ್ಯುತ್ ಪಡೆಯುತ್ತಿತ್ತು, ಮದರ್‌ಬೋರ್ಡ್‌ಗೆ ಅದರ ಮೇಲೆ ಹಿಡಿತವೇ ಇಲ್ಲ. ರಿಮೋಟ್‌ನಲ್ಲಿ ಮೂರು ಹೆಜ್ಜೆ: ಜೋರು, ಇನ್ನೂ ಜೋರು, ಮತ್ತೂ ಜೋರು. ಫ್ಯಾನುಗಳ ಆರು ಪಿನ್ನಿನ ಕೊಂಡಿ ಬೇರೆ ಯಾವುದಕ್ಕೂ ಕೂರುವುದಿಲ್ಲ. ಹೊಸ ಕ್ಯಾಬಿನೆಟ್ ಕೊಳ್ಳಬೇಕಾದ ನಾನು ಸಿಟ್ಟಿನಲ್ಲಿ ಇನ್ನೊಂದು ಅಂಗಡಿಯಿಂದ ಮೂರು ಪಿನ್ನಿನ ನಾಲ್ಕು ಅಗ್ಗದ ಫ್ಯಾನು ಮತ್ತು ಒಂದಕ್ಕೆ ನಾಲ್ಕು ಜೋಡಿಸುವ ಸ್ಪ್ಲಿಟರ್ ತಂದೆ. ನಾಲ್ಕನ್ನೂ ಬೋರ್ಡ್‌ನ ಒಂದೇ ಹೆಡರ್‌ಗೆ, ಅಂದರೆ ಫ್ಯಾನು ಸಿಕ್ಕಿಸುವ ಪಿನ್ನುಗಳ ಗುಂಪಿಗೆ, ಸಿಕ್ಕಿಸಿದೆ.

ದಯವಿಟ್ಟು ಇಲ್ಲಿ ನಿಧಾನವಾಗಿ ಓದಿ. ಮದರ್‌ಬೋರ್ಡ್‌ನ ಫ್ಯಾನ್ ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ಮಾತ್ರ ತಾಳುತ್ತದೆ. ನನ್ನ ಪ್ರತಿ ಫ್ಯಾನಿನ ನಡುವಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ 0.35 ಎಂದಿತ್ತು. ನಾಲ್ಕಕ್ಕೆ 1.4. ತಿರುಗಲು ಶುರುವಾಗುವ ಗಳಿಗೆಯಲ್ಲಿ ಇನ್ನೂ ಹೆಚ್ಚು. ಮೂರು ವಾರ ಓಡಿತು. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಸಂಜೆ, ಹೊರಗೆ ಮಳೆ ಸುರಿಯುತ್ತಿರುವಾಗ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಹೆಡರ್‌ನ ಬುಡ ಕಂದಿತ್ತು. ಬೋರ್ಡ್ ಮತ್ತೆ ಏಳಲಿಲ್ಲ. ಸುಟ್ಟ ಗುರುತು ಇದ್ದುದರಿಂದ ವಾರಂಟಿಯೂ ಸಿಗಲಿಲ್ಲ, ಮತ್ತು ಅದು ನ್ಯಾಯವೇ. ಭಾಗವತರ ಕ್ಯಾಸೆಟ್‌ಗಳು ಎರಡು ತಿಂಗಳು ಕಪಾಟಿನಲ್ಲಿ ಕುಳಿತವು.

ಹಲವು ಫ್ಯಾನು ಕೂಡಿಸಲೇಬೇಕಾದರೆ ವಿದ್ಯುತ್ತನ್ನು ಎಸ್‌ಎಂಪಿಎಸ್‌ನ ಸಾಟಾ ಕೊಂಡಿಯಿಂದಲೂ ವೇಗದ ಸಂಕೇತವನ್ನು ಮಾತ್ರ ಬೋರ್ಡ್‌ನಿಂದಲೂ ಪಡೆಯುವ ನಾಲ್ಕು ಪಿನ್ನಿನ ಹಬ್ ಸಿಗುತ್ತದೆ, ಅದನ್ನು ಬಳಸಿ. ಮೂರು ಪಿನ್ನಿನ ಫ್ಯಾನು ನಿಲ್ಲದೆ ಪೂರ್ತಿ ವೇಗದಲ್ಲಿ ಕಿರುಚುತ್ತಿದ್ದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಹೊಂದಿಕೆಯ ಪುಟ) ಆ ಹೆಡರನ್ನು ಪಿಡಬ್ಲ್ಯೂಎಂನಿಂದ (ಸಂಕೇತದ ಮೂಲಕ ವೇಗದ ಹಿಡಿತ) ಡಿಸಿ (ವೋಲ್ಟೇಜ್ ಮೂಲಕ ಹಿಡಿತ) ಬಗೆಗೆ ಬದಲಿಸಿ. ಇನ್ನೊಂದು ಮಾತು, ಬೆಳಕಿನ ಮೂರು ಪಿನ್ನಿನ 5 ವೋಲ್ಟ್ ಕೊಂಡಿಯನ್ನು 12 ವೋಲ್ಟ್‌ನ ನಾಲ್ಕು ಪಿನ್ನಿಗೆ ಒತ್ತಿ ಕೂರಿಸಿದರೆ ದೀಪಗಳು ಸುಡುತ್ತವೆ. ಆ ಒಂದು ತಪ್ಪನ್ನು ಮಾತ್ರ ನಾನು ಮಾಡಲಿಲ್ಲ.

ಈಗ ಇರುವುದು ಜಾಲರಿ ಮುಖದ ಸಾದಾ ಕಪ್ಪು ಕ್ಯಾಬಿನೆಟ್. ಎದುರಿಗೆ 140 ಮಿಲಿಮೀಟರಿನ ಎರಡು, ಹಿಂದೆ 120ರ ಒಂದು, ಎಲ್ಲವೂ ನಾಲ್ಕು ಪಿನ್ನಿನವು, ದೀಪವಿಲ್ಲ. 140ರ ಫ್ಯಾನಿನ ಹರವು 120ರದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು, ಆದ್ದರಿಂದ ನಿಧಾನವಾಗಿ ತಿರುಗಿದರೂ ಸಾಕು. ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅದೇ ಬಗೆಯ ಇನ್ನೊಂದು ಫ್ಯಾನು ಸೇರಿಸಿದರೆ ಏರುವುದು 3 ಡೆಸಿಬಲ್ ಅಷ್ಟೆ. ಒಂದನ್ನು ಓಡಿಸುವುದಕ್ಕಿಂತ ಎರಡನ್ನು ನಡೆಸುವುದು ಮೇಲು ಎನ್ನುವುದು ಈ ಲೆಕ್ಕದಿಂದ. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2018ರಲ್ಲಿ ತಂದ ಕಂದು ಬಣ್ಣದ 120ರ ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಮಾತ್ರ ಸಂದು, 2,000 ಸುತ್ತಿನಲ್ಲಿಯೂ ಅದು ಬಳಸುವುದು 0.14 ಆಂಪಿಯರ್. ನನ್ನ ಜೇಬಿಗೆ ಅದು ದೂರ, ಆದರೆ ಒಳ್ಳೆಯ ತಯಾರಕರು ಯಾವ ಯಾವ ಅಂಕಿಗಳನ್ನು ಮುಚ್ಚಿಡದೆ ಕೊಡುತ್ತಾರೆ ಎಂದು ನೋಡಲಾದರೂ ಅದರ ವಿವರ ಓದಿ.

ಬಯೋಸ್‌ನಲ್ಲಿ 60 ಡಿಗ್ರಿಯವರೆಗೆ 550 ಸುತ್ತು, ಆಮೇಲೆ ಮೆಲ್ಲಗೆ ಏರುವಂತೆ ಇಟ್ಟಿದ್ದೇನೆ. ವೇಗ ಬದಲಾಗುವ ಮೊದಲು ಕೆಲವು ಸೆಕೆಂಡು ತಡೆಯುವ ಆಯ್ಕೆಯನ್ನೂ ಒತ್ತಿದ್ದೇನೆ. ಇಲ್ಲದಿದ್ದರೆ ಪ್ರೊಸೆಸರ್ ಕ್ಷಣಕ್ಕೊಮ್ಮೆ ಬಿಸಿಯೇರಿ ಇಳಿಯುವಾಗ ಫ್ಯಾನೂ ಏದುಸಿರು ಬಿಡುತ್ತದೆ. ಒಂದೇ ಸಮನಾದ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿತವನ್ನು ಮರೆಯುವುದಿಲ್ಲ. ಅದೇ ಕೆಲಸಕ್ಕೆ ಈಗ 79 ಡಿಗ್ರಿ.

ಜಾಲರಿಗೆ ಉಪ್ಪುಗಾಳಿಯ ಅಂಟು ಧೂಳು ಬೇಗ ಹಿಡಿಯುತ್ತದೆ. ತಿಂಗಳಿಗೊಮ್ಮೆ ತೊಳೆಯಿರಿ, ಮಳೆಗಾಲದಲ್ಲಿ ಪೂರ್ತಿ ಒಣಗದೆ ಮರಳಿ ಹಾಕಬೇಡಿ. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಆ ಐದು ಬೆಳಕಿನ ಫ್ಯಾನುಗಳನ್ನು ಅಟ್ಟಕ್ಕೆ ಹಾಕಿದ್ದೆ. ದೀಪಾವಳಿಗೆ ಅಣ್ಣನ ಮಗ ಒಂದನ್ನು ಹಬ್ ಸಮೇತ ಹಳೆಯ ಎಸ್‌ಎಂಪಿಎಸ್‌ಗೆ ಸಿಕ್ಕಿಸಿ ಗೂಡುದೀಪದೊಳಗೆ ಇಟ್ಟ. ಚೆನ್ನಾಗಿಯೇ ಬೆಳಗಿತು. ಸದ್ದು ಗೇಟಿನವರೆಗೆ ಕೇಳಿಸುತ್ತಿತ್ತು.