ಒಬ್ಬಳೇ ಐದು ದಿನ ದೆಹಲಿ ಮೆಟ್ರೋದಲ್ಲಿ: ರೈಲೊಳಗೆ ನೆಮ್ಮದಿ, ಗೇಟ್ ದಾಟಿದ ಮೇಲೆ ಜೋಪಾನ

ದೆಹಲಿಗೆ ಒಬ್ಬಳೇ ಹೋಗ್ತೀನಿ ಅಂದಾಗ ಮನೆಯಲ್ಲಿ ದೊಡ್ಡ ರಾಮಾಯಣವೇ ಆಯಿತು. ಹಿಂದಿ ನನಗೆ ಅಷ್ಟಕ್ಕಷ್ಟೆ, ನಮ್ಮ ಶಿವಮೊಗ್ಗದಲ್ಲಿ ಮೆಟ್ರೋನೂ ಇಲ್ಲ. ಐದು ದಿನ ಬರೀ ಮೆಟ್ರೋ ನಂಬಿಕೊಂಡು ತಿರುಗಿದೆ. ಐದಕ್ಕೆ ನಾಲ್ಕೂವರೆ ಅಂಕ ಕೊಡ್ತೀನಿ.

ಏರ್‌ಪೋರ್ಟ್‌ನ ಟರ್ಮಿನಲ್ 3ರಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು 20 ನಿಮಿಷಕ್ಕೆ ನ್ಯೂ ಡೆಲ್ಲಿ ಸ್ಟೇಷನ್. ಹೊಸಬರು ರಾತ್ರಿ ವಿಮಾನ ಬುಕ್ ಮಾಡಬೇಡಿ, ರಾತ್ರಿ 11ರ ಹೊತ್ತಿಗೆ ಮೆಟ್ರೋ ನಿಲ್ಲುತ್ತಾ ಬರುತ್ತದೆ. ನಾನು ರೂಮ್ ಮಾಡಿದ್ದು ಕರೋಲ್ ಬಾಗ್‌ನಲ್ಲಿ, ಸ್ಟೇಷನ್‌ನಿಂದ ನಡೆದೇ ಹೋಗುವಷ್ಟು ಹತ್ತಿರ. ಬಾಡಿಗೆ ಸ್ವಲ್ಪ ಜಾಸ್ತಿ ಆಯಿತು, ಆದರೆ ಕತ್ತಲಾದ ಮೇಲೆ ಆಟೋ ಹುಡುಕುವ ತಲೆನೋವು ಇರಲಿಲ್ಲ.

ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ, 2010ರಿಂದ ಹೀಗಿದೆ. ಪ್ಲಾಟ್‌ಫಾರ್ಮ್‌ನಲ್ಲಿ ಗುಲಾಬಿ ಬಣ್ಣದ ಗುರುತು ಇರುತ್ತದೆ. ಆದರೆ "ಮೊದಲ" ಅನ್ನುವುದು ಲೈನ್ ಬದಲಿಸಿದಾಗ ಇನ್ನೊಂದು ತುದಿಗೆ ಹೋಗಿಬಿಡಬಹುದು, ಅಲ್ವಾ? ಇದು ತಲೆಗೆ ಹೊಳೆಯದೆ ಎರಡನೇ ದಿನ ಸಂಜೆ ಆರು ಗಂಟೆಗೆ, ಲೈನ್ ಬದಲಿಸುವ ಸ್ಟೇಷನ್ ಆದ ರಾಜೀವ್ ಚೌಕ್‌ನಲ್ಲಿ ತಪ್ಪು ತುದಿಯಲ್ಲಿ ನಿಂತೆ, ರೈಲು ಬಂತು, ಹಿಂದಿನವರು ತಳ್ಳಿದ ರಭಸಕ್ಕೆ ಕೊನೆಯ ಬೋಗಿಯೊಳಗೆ ನಾನಾಗಿ ಹತ್ತಿದೆನೋ ಅವರೇ ಹತ್ತಿಸಿದರೋ ಗೊತ್ತಾಗಲಿಲ್ಲ. ಏನೂ ಕೆಟ್ಟದ್ದಾಗಲಿಲ್ಲ. ಕರೋಲ್ ಬಾಗ್ ಮೂರೇ ಸ್ಟಾಪ್. ಆದರೂ ಇಳಿಯುವ ತನಕ ಬ್ಯಾಗ್ ಅಪ್ಪಿಕೊಂಡೇ ನಿಂತಿದ್ದೆ.

ಆಮೇಲೆ ರಾಜೀವ್ ಚೌಕ್ ತಪ್ಪಿಸುವ ದಾರಿ ಕಂಡುಕೊಂಡೆ. ಕರೋಲ್ ಬಾಗ್ ಕಡೆಯಿಂದ ಕೆಂಪುಕೋಟೆಗೆ ಹೋಗಬೇಕಾದರೆ ಅಲ್ಲಿ ಇಳಿಯದೆ ಬ್ಲೂ ಲೈನ್‌ನಲ್ಲೇ ಇನ್ನೆರಡು ಸ್ಟಾಪ್ ಮುಂದೆ ಹೋಗಿ ಮಂಡಿ ಹೌಸ್‌ನಲ್ಲಿ ವಯೊಲೆಟ್ ಲೈನ್ ಹಿಡಿಯಿರಿ. ಜಾಮಾ ಮಸೀದಿ, ಲಾಲ್ ಕಿಲಾ (ಕೆಂಪುಕೋಟೆ) ಸ್ಟೇಷನ್ ಎರಡೂ ಅದೇ ಲೈನ್‌ನಲ್ಲಿವೆ. ಕೋಟೆಗೆ ಸೋಮವಾರ ರಜೆ, ನೆನಪಿರಲಿ. ಬ್ಲೂ ಲೈನ್ ಯಮುನಾ ಬ್ಯಾಂಕ್ ಸ್ಟೇಷನ್ ಹತ್ತಿರ ಎರಡಾಗಿ ಕವಲೊಡೆಯುತ್ತದೆ, ಆ ಕಡೆ ಹೋಗುವವರು ರೈಲಿನ ಮೇಲಿನ ಬೋರ್ಡ್ ಓದದೆ ಹತ್ತಬೇಡಿ.

ಚೆಕಿಂಗ್‌ಗೆ ಹೆಂಗಸರ ಸಾಲು ಬೇರೆ, ಪರದೆ ಹಿಂದೆ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ. ಬ್ಯಾಗ್ ಸ್ಕ್ಯಾನರ್‌ಗೆ ಹಾಕುವಾಗ ಪರ್ಸು, ಫೋನು ಎಲ್ಲ ಒಳಗೆ ತುರುಕಿ ಜಿಪ್ ಎಳೆಯಿರಿ. ಆ ಕಡೆ ಬ್ಯಾಗ್ ಹೊರಬಿದ್ದಾಗ ನೀವಿನ್ನೂ ಈ ಕಡೆ ಸಾಲಲ್ಲೇ ಇರುತ್ತೀರಿ. ಫೋನ್‌ನಲ್ಲಿ ಮೆಟ್ರೋ ಸಹಾಯವಾಣಿ 155370 ಮತ್ತು ಭದ್ರತಾ ಪಡೆಯ 155655 ಹಾಕಿಕೊಂಡಿದ್ದೆ, ಬೇಕಾಗಲಿಲ್ಲ. ಟಿಕೆಟ್‌ಗೆ ಸ್ಮಾರ್ಟ್ ಕಾರ್ಡ್ ತಗೊಳ್ಳಿ, ಶೇ. 10 ಕಡಿಮೆ ಆಗುತ್ತದೆ.

ಅರ್ಧ ಅಂಕ ಕಳೆದದ್ದು ಗೇಟ್‌ನ ಆಚೆ. ಕುತುಬ್ ಮಿನಾರ್ ಸ್ಟೇಷನ್ನಿಗೂ ಮಿನಾರಿಗೂ ನಡುವೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ದಾರಿ. ಹೊರಗೆ ಬಂದ ತಕ್ಷಣ ಒಬ್ಬ ಆಟೋದವನು, "ಮೇಡಂ, ಕುತುಬ್ ಇವತ್ತು ಬಂದ್, ಒಳ್ಳೆ ಸೀರೆ ಅಂಗಡಿಗೆ ಕರ್ಕೊಂಡು ಹೋಗ್ತೀನಿ" ಅಂತ ಶುರುಮಾಡಿದ. ಕುತುಬ್ ವಾರದ ಏಳೂ ದಿನ ತೆರೆದಿರುತ್ತದೆ ಅಂತ ಓದಿಕೊಂಡು ಬಂದಿದ್ದೆ, ಸುಮ್ನೆ ನಕ್ಕು ಮುಂದೆ ನಡೆದೆ. ಅವನೂ ನಕ್ಕ. ಸ್ಟೇಷನ್ ಒಳಗೆ ನಿಂತೇ ಮ್ಯಾಪ್ ನೋಡಿ, ಗೇಟ್ ನಂಬರ್ ತಿಳಿದುಕೊಂಡು, ಆ್ಯಪ್‌ನಲ್ಲಿ ಆಟೋ ಕರೆದು ಆಮೇಲೆ ಹೊರಗೆ ಬನ್ನಿ. ರಸ್ತೆ ಮಧ್ಯೆ ಫೋನ್ ಹಿಡಿದು ಅತ್ತಿತ್ತ ನೋಡುತ್ತಾ ನಿಂತರೆ ಹೊಸಬರು ಅಂತ ನೀವೇ ಬೋರ್ಡ್ ಹಾಕಿಕೊಂಡ ಹಾಗೆ.

ಮುಂದಿನ ಸಲ ಅಮ್ಮನೂ ಬರ್ತಾಳಂತೆ. ಮೆಟ್ರೋ ಅಲ್ಲ, ಕರೋಲ್ ಬಾಗ್‌ನ ಬಟ್ಟೆ ಅಂಗಡಿಗಳ ಫೋಟೋ ನೋಡಿ.