ಹದಿನೈದು ದಿನಕ್ಕೆ ಬೆಳ್ಳಗಾಗಿಸುವ ಟ್ಯೂಬು: ಹಚ್ಚುವ ಮುಂಚೆ ನನ್ನ ಕಥೆ ಕೇಳಿ

ಮೊದಲೇ ಹೇಳಿಬಿಡುತ್ತೇನೆ, ಆ ಕ್ರೀಮು ಕೆಲಸ ಮಾಡುತ್ತದೆ. "ಎಲ್ಲಾ ಮೋಸ, ಹಚ್ಚಿದರೆ ಯಾರೂ ಬೆಳ್ಳಗಾಗಲ್ಲ" ಅನ್ನುವವರು ಹಚ್ಚಿ ನೋಡಿಲ್ಲ. ನಾನು ಹಚ್ಚಿದ್ದೆ. ಹದಿನೈದನೇ ದಿನ ಸ್ಟಾಫ್ ರೂಮಿನಲ್ಲಿ ಮೂರು ಜನ ಕೇಳಿದರು, "ಏನ್ ಮಿಸ್, ಮುಖಕ್ಕೆ ಏನ್ ಹಚ್ತೀರಾ?" ಹುಟ್ಟಿದಾಗಿನಿಂದ ನನ್ನನ್ನು ಯಾರೂ ಆ ದನಿಯಲ್ಲಿ ಹಾಗೆ ಕೇಳಿರಲಿಲ್ಲ. ಅಪಾಯ ಕೂತಿರುವುದು ಅಲ್ಲೇ. ಕೆಲಸ ಮಾಡದ ಕ್ರೀಮಾಗಿದ್ದರೆ ಒಂದು ಟ್ಯೂಬಿಗೆ ಬೇಜಾರಾಗಿ ಬಿಟ್ಟುಬಿಡುತ್ತಿದ್ದೆ. ಹನ್ನೊಂದು ತಿಂಗಳು ಹಚ್ಚುತ್ತಿರಲಿಲ್ಲ.

ನಾನು ತಿಪಟೂರಿನ ಕಡೆಯವಳು. ತುಮಕೂರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಬಣ್ಣ ಎಣ್ಣೆಗಪ್ಪು. ಮನೆಯಲ್ಲಿ ಯಾರೂ ನನ್ನನ್ನು ಕಪ್ಪಿ ಅಂತ ಹಂಗಿಸಿದವರಲ್ಲ. ನಮ್ಮಲ್ಲಿ ಹಂಗಿಸುವುದಿಲ್ಲ, "ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ ಅಷ್ಟೆ" ಅನ್ನುತ್ತಾರೆ. ಸಾರಿಗೆ ಉಪ್ಪು ಕಮ್ಮಿ ಅಂದಹಾಗೆ. ಕಮ್ಮಿ ಇದ್ದದ್ದನ್ನು ಹಾಕಿದರೆ ಸರಿಹೋಗುತ್ತದೆ ಅನ್ನುವ ಆಸೆ ಆ ಮಾತಿನಲ್ಲೇ ಇದೆ. ಬೆಳ್ಳಗಿರುವ ಹುಡುಗಿಯನ್ನು ನಾವು "ಕೆಂಪಗಿದ್ದಾಳೆ" ಅನ್ನುತ್ತೇವಲ್ಲ, ಕೊನೆಗೆ ನಾನು ನಿಜವಾಗಿಯೂ ಕೆಂಪಗಾದೆ. ಅದು ಮುಂದೆ ಬರುತ್ತದೆ.

"ನಿನ್ನ ಹೊತ್ತಾಗ ಕೇಸರಿ ಹಾಲು ಕುಡೀಲಿಲ್ಲ ಕಣೇ, ನಿನ್ನ ತಮ್ಮನಿಗೆ ಕುಡಿದೆ" ಅಂತ ಅಮ್ಮ ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳುತ್ತಿದ್ದರು. ಮಗುವಿನ ಬಣ್ಣಕ್ಕೂ ಕೇಸರಿಗೂ ಸಂಬಂಧವಿಲ್ಲ, ಅದು ಅಪ್ಪ ಅಮ್ಮನಿಂದ ಬಂದ ಜೀನುಗಳ ಕೆಲಸ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೇಳಿಕೊಡುವ ವಿಷಯವೇ ವಿಜ್ಞಾನ. ಓದಿದವರು ಇಂಥದ್ದಕ್ಕೆಲ್ಲ ಬೀಳುವುದಿಲ್ಲ ಅಂದುಕೊಂಡಿದ್ದರೆ ಇದೊಂದನ್ನು ನೆನಪಿಟ್ಟುಕೊಳ್ಳಿ.

ಇಪ್ಪತ್ತಾರಕ್ಕೆ ಗಂಡು ನೋಡಲು ಶುರುಮಾಡಿದರು. ಶಾದಿ ಡಾಟ್ ಕಾಮ್‌ನವರು ಚರ್ಮದ ಬಣ್ಣದ ಮೇಲೆ ಹುಡುಕುವ ಸೌಲಭ್ಯವನ್ನು 2020ರ ಜೂನ್‌ನಲ್ಲೇ ತೆಗೆದುಹಾಕಿದ್ದರು. ಅದು ನಮ್ಮ ಬ್ರೋಕರ್‌ವರೆಗೆ ಬಂದಿರಲಿಲ್ಲ. ಬಯೋಡೇಟಾ ಬರೆಸುವಾಗ ಅವರು, "ಗೋಧಿ ಬಣ್ಣ ಅಂತ ಹಾಕೋಣ ಬಿಡಿ ತಾಯಿ. ಇರೋದನ್ನೇ ಹೇಳಿ ರಾಗಿ ಬಣ್ಣ ಅಂತ ಹಾಕಕ್ಕಾಗುತ್ತಾ?" ಅಂತ ಹೇಳಿ ತಾವೇ ನಕ್ಕರು. ಅಮ್ಮನೂ ನಕ್ಕರು, ನಾನೂ ನಕ್ಕೆ. ಮೂರು ಹೊತ್ತೂ ರಾಗಿ ತಿಂದು ಬೆಳೆದ ಮನೆಯಲ್ಲಿ ಕೂತು ಎಲ್ಲರೂ ನಕ್ಕೆವು. ಎರಡು ಕಡೆಯವರು ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, "ಫೋನ್ ಮಾಡ್ತೀವಿ" ಅಂದು ಹೋದರು. ಫೋನು ಬರಲಿಲ್ಲ.

ಟ್ಯೂಬಿನ ಫೋಟೋ ಕಳಿಸಿದ್ದು ನನ್ನ ಸೋದರತ್ತೆ ಮಗಳು. "ಪಾರ್ಲರ್ ಅಕ್ಕ ಹೇಳಿದ್ದು ಕಣೇ. ರಾತ್ರಿ ಹೊತ್ತು ಮಾತ್ರ ಹಚ್ಚು. ಯಾರಿಗೂ ಹೇಳ್ಬೇಡ." ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ಫೋನು ತೋರಿಸಿದೆ. ಅಂಗಡಿಯವರು ಡಾಕ್ಟರ ಚೀಟಿ ಕೇಳಲಿಲ್ಲ, ಯಾತಕ್ಕೆ ಅಂತಲೂ ಕೇಳಲಿಲ್ಲ. "ಚಿಕ್ಕದು ಕೊಡ್ಲಾ, ದೊಡ್ಡದಾ?" ಅಂದರು. ಚಿಕ್ಕದಕ್ಕೆ 120 ರೂಪಾಯಿ.

ಮೊದಲ ವಾರ ಸ್ವಲ್ಪ ಉರಿ, ಮೂಗಿನ ಪಕ್ಕ ಸಿಪ್ಪೆ ಏಳುವುದು. ಆಮೇಲೆ ಮೊಡವೆ ಕಲೆಗಳು ಮಾಯ, ಮುಖ ನುಣ್ಣಗೆ, ತಿಳಿಯಾಗಿ ಹೊಳೆಯತೊಡಗಿತು. ಮೂರನೇ ಸಲ ಬಂದ ಗಂಡಿನ ತಾಯಿ "ಫೋಟೋಗಿಂತ ಚೆನ್ನಾಗಿದ್ದಾಳೆ" ಅಂದುಬಿಟ್ಟರು. ಮಾತುಕತೆ ಮುಂದುವರಿಯಿತು. ಈಗ ನೀವೇ ಹೇಳಿ, ಆ ಮಾತು ಕೇಳಿದ ಮೇಲೆ ಟ್ಯೂಬು ಬಿಡುವುದು ಹೇಗೆ? ನಾಳೆ ಅವರು ಮತ್ತೆ ಬಂದಾಗ ಹಳೇ ಮುಖ ತೋರಿಸುವುದಾ?

ಮೂರು ತಿಂಗಳಾಗುವ ಹೊತ್ತಿಗೆ ಒಂದೆರಡು ರಾತ್ರಿ ತಪ್ಪಿದರೆ ಮುಖ ಕೆಂಪಾಗಿ ನವೆ ಏಳುತ್ತಿತ್ತು. ಹಚ್ಚಿದರೆ ಶಮನ. ಹಾಗಾಗಿ ಕ್ರೀಮೇ ಮದ್ದು, ಬಿಟ್ಟದ್ದೇ ತಪ್ಪು ಅಂತ ತಿಳಿದೆ. ಆರನೇ ತಿಂಗಳಿಗೆ ಕೆನ್ನೆಯ ಮೇಲೆ ಕೆಂಪು ದಾರದೆಳೆಯಂಥ ಗೆರೆಗಳು, ಕೆನ್ನೆಯ ಪಕ್ಕದಲ್ಲಿ ಹಿಂದೆ ಇಲ್ಲದ ಕೂದಲು. ಕ್ರೀಡಾದಿನ ಮೈದಾನದಲ್ಲಿ ಅರ್ಧ ಗಂಟೆ ನಿಂತಿದ್ದಕ್ಕೆ ಮುಖ ಬೆಂದ ಬದನೆಕಾಯಿ. ಒಗ್ಗರಣೆ ಹಾಕಲು ಒಲೆ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಆಗಲೂ ಟ್ಯೂಬಿನ ಮೇಲೆ ನನಗೆ ಅನುಮಾನ ಬರಲಿಲ್ಲ. ನೀರು ಬದಲಾಯಿತೇನೋ, ಪಿತ್ತವೇನೋ ಅಂದುಕೊಂಡೆ. ಅಮ್ಮ ಕಡಲೆಹಿಟ್ಟು ಅರಿಶಿನ ಕಲಸಿ ಕೊಟ್ಟರು, ಅದು ಇನ್ನೂ ಉರಿಯಿತು.

ಹನ್ನೊಂದನೇ ತಿಂಗಳಲ್ಲಿ ಮನೆಯವರೆಲ್ಲ ಧರ್ಮಸ್ಥಳ, ಕುಕ್ಕೆ ಅಂತ ಹೊರಟೆವು. ಟ್ಯೂಬು ಮನೆಯಲ್ಲೇ ಮರೆತೆ. ನಾಲ್ಕನೇ ದಿನ ಕುಕ್ಕೆಯ ಲಾಡ್ಜಿನಲ್ಲಿ ಮುಖಕ್ಕೆ ಮೆಣಸಿನಪುಡಿ ಸವರಿದ ಹಾಗೆ ಉರಿ. ಊದಿಕೊಂಡು, ತುಂಬಾ ಕೀವು ಮೊಡವೆ ಎದ್ದು, ಕಣ್ಣು ಬಿಡುವುದಕ್ಕೂ ಕಷ್ಟ. ಮಂಗಳಾರತಿ ತೆಗೆದುಕೊಂಡು ಕೈಯನ್ನು ಕಣ್ಣಿಗೊತ್ತಿಕೊಳ್ಳಲು ಹೋದರೆ ಅಂಗೈಯ ಆ ಚೂರು ಬಿಸಿಗೇ ಹಿಂದೆ ಸರಿದೆ. ರಾತ್ರಿಯಿಡೀ ಒದ್ದೆ ಟವೆಲ್ ಹೊದ್ದು ಕೂತಿದ್ದೆ. ಅಮ್ಮ ನಾಗರ ದೋಷ ಅಂದುಕೊಂಡರು. ಜಾಗವೂ ಹಾಗೇ ಇತ್ತಲ್ಲ.

ತುಮಕೂರಿಗೆ ಬಂದು ಚರ್ಮದ ಡಾಕ್ಟರ ಹತ್ತಿರ ಹೋದೆ. ಮುಖ ನೋಡುತ್ತಲೇ ಆ ಡಾಕ್ಟರಮ್ಮ, "ಟ್ಯೂಬ್ ತಂದಿದ್ದೀರಾ?" ಅಂದರು. ನಾನಿನ್ನೂ ಬಾಯೇ ತೆರೆದಿರಲಿಲ್ಲ. ಮನೆಯಲ್ಲಿ ಯಾರ್ಯಾರು ಏನೇನು ಹಚ್ಚುತ್ತಾರೋ ಎಲ್ಲಾ ತನ್ನಿ ಅಂದರು. ಮಾರನೇ ದಿನ ಚೀಲದಲ್ಲಿ ತುಂಬಿಕೊಂಡು ಹೋದೆ.

ನನ್ನ ಟ್ಯೂಬಿನ ಹಿಂಬದಿಯನ್ನು ಓದಿಸಿದರು. ಹನ್ನೊಂದು ತಿಂಗಳು ಕೈಯಲ್ಲಿ ಹಿಡಿದಿದ್ದರೂ ನಾನು ಒಮ್ಮೆಯೂ ತಿರುಗಿಸಿ ಓದಿರಲಿಲ್ಲ. ಅದರಲ್ಲಿ ಮೂರು ಔಷಧಿಗಳಿದ್ದವು. ಹೈಡ್ರೋಕ್ವಿನೋನ್, ಚರ್ಮ ಬಣ್ಣ ತಯಾರಿಸುವುದನ್ನು ತಡೆಯುವಂಥದ್ದು. ಟ್ರೆಟಿನಾಯಿನ್, ಮೇಲಿನ ಪದರವನ್ನು ಬೇಗ ಬೇಗ ಉದುರಿಸುವಂಥದ್ದು. ಮೊಮೆಟಾಸೋನ್, ಇದು ಸ್ಟೆರಾಯ್ಡ್. ಇಂಥ ಮೂರರ ಬೆರಕೆಯನ್ನು ಕ್ಲಿಗ್ಮನ್ ಮತ್ತು ವಿಲ್ಲಿಸ್ ಎಂಬ ಅಮೆರಿಕದ ಇಬ್ಬರು ವೈದ್ಯರು 1975ರಲ್ಲಿ ಪ್ರಕಟಿಸಿದರಂತೆ, ಅವರ ಸೂತ್ರದಲ್ಲಿದ್ದ ಸ್ಟೆರಾಯ್ಡ್ ಬೇರೆ. ಈಗ ಇಂಥವನ್ನು ಡಾಕ್ಟರುಗಳು ಬಂಗು ಅನ್ನುವ ಮುಖದ ಕಂದು ಕಲೆಗೆ ಕೆಲವೇ ವಾರಗಳ ಮಟ್ಟಿಗೆ, ಕಣ್ಣಿಟ್ಟುಕೊಂಡು ಬರೆಯುತ್ತಾರೆ. ನಮ್ಮ ದೇಶದಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದೂ 1975ರಲ್ಲೇ. ಒಂದು ರೋಗದ ಮದ್ದು, ಇನ್ನೊಂದು ಅಂಗಡಿಯ ಸಾಮಾನು. ನಾವು ಮದ್ದನ್ನು ಸಾಮಾನಿನ ಹಾಗೆ ಬಳಸಿದೆವು, ಅಷ್ಟೇ ವ್ಯತ್ಯಾಸ.

ಸ್ಟೆರಾಯ್ಡ್ ಏನು ಮಾಡುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತವನ್ನು ಅದುಮಿಡುತ್ತದೆ, ಬಣ್ಣವನ್ನೂ ತಗ್ಗಿಸುತ್ತದೆ. ಮುಖ ತಿಳಿಯಾಗುವುದು ಹೀಗೆ. ಹಚ್ಚುತ್ತಾ ಹೋದಂತೆ ಚರ್ಮ ತೆಳ್ಳಗಾಗುತ್ತದೆ, ಒಳಗಿನ ನಾಳಗಳು ಹೊರಗೆ ಕಾಣತೊಡಗುತ್ತವೆ. ಬಿಟ್ಟ ಕೂಡಲೇ ಕುಗ್ಗಿದ್ದ ನಾಳಗಳೆಲ್ಲ ಒಟ್ಟಿಗೆ ಹಿಗ್ಗುತ್ತವೆ, ಅದುಮಿಟ್ಟದ್ದೆಲ್ಲ ಎದ್ದು ಬರುತ್ತದೆ. ಆ ಉರಿ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುತ್ತೇವೆ. ಇದಕ್ಕೆ ವೈದ್ಯರಲ್ಲಿ ಹೆಸರೇ ಇದೆ, 'ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್', ಅಂದರೆ ಸ್ಟೆರಾಯ್ಡ್ ಹಚ್ಚಿ ಹಚ್ಚಿ ಕೆಟ್ಟ ಮುಖ. ಆ ಹೆಸರು ಹುಟ್ಟಿದ್ದು ಬೇರೆಲ್ಲೂ ಅಲ್ಲ, ನಮ್ಮ ದೇಶದಲ್ಲೇ. ನಮ್ಮ ಚರ್ಮವೈದ್ಯರ ಸಂಘ ಇದರ ವಿರುದ್ಧ ಒಂದು ಕಾರ್ಯಪಡೆಯನ್ನೇ ಕಟ್ಟಿದೆ ಅಂದರೆ ಎಷ್ಟು ಮುಖಗಳು ಅವರ ಮುಂದೆ ಬಂದಿರಬೇಕು ನೋಡಿ.

ಹೈಡ್ರೋಕ್ವಿನೋನ್‌ನದು ಇನ್ನೊಂದು ಕಥೆ. ವರ್ಷಗಟ್ಟಲೆ ಹಚ್ಚಿದರೆ ಕೆಲವರಿಗೆ ಚರ್ಮದೊಳಗೆ ನೀಲಿಗಪ್ಪು ಕಲೆ ಕೂರುತ್ತದಂತೆ, ಅದನ್ನು ತೆಗೆಯುವುದು ಬಹಳ ಕಷ್ಟ. ಬೆಳ್ಳಗಾಗಲು ಹಚ್ಚಿ ಮೊದಲಿಗಿಂತ ಕಪ್ಪಾಗುವುದು. ನನಗೆ ಅಲ್ಲಿವರೆಗೆ ಹೋಗಲಿಲ್ಲ. ಟ್ರೆಟಿನಾಯಿನ್ ಬಸುರಿಯರು ಹಚ್ಚಬಾರದು ಅಂದಾಗ ನನಗೆ ಅತ್ತೆ ಮಗಳ ನೆನಪಾಯಿತು. ಅವಳು ಮಗುವಿಗಾಗಿ ಕಾಯುತ್ತಿದ್ದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಫೋನು ಮಾಡಿದೆ.

ಚೀಲದಲ್ಲಿ ಒಂದು ಪುಟ್ಟ ಡಬ್ಬಿಯೂ ಇತ್ತು. ಚಿಕ್ಕಮ್ಮ ಪಾರ್ಲರಿನಿಂದ ತಂದು ಹಚ್ಚುತ್ತಿದ್ದದ್ದು. ಹೆಸರಿಲ್ಲ, ಕಂಪನಿಯಿಲ್ಲ, ತಯಾರಿಸಿದ ದಿನಾಂಕವಿಲ್ಲ. ಡಾಕ್ಟರಮ್ಮ ನನ್ನ ಟ್ಯೂಬನ್ನು ಬದಿಗಿಟ್ಟು ಅದನ್ನೇ ಹೆಚ್ಚು ಹೊತ್ತು ನೋಡಿದರು. "ನಿಮ್ದಾದ್ರೂ ಓದೋಕೆ ಸಿಗ್ತು, ಇದರಲ್ಲಿ ಪಾದರಸ ಇದ್ರೆ ಯಾರಿಗೆ ಗೊತ್ತಾಗುತ್ತೆ?" ಅಂದು ಚಿಕ್ಕಮ್ಮನಿಗೆ ಮೂತ್ರ ಪರೀಕ್ಷೆ ಬರೆದರು. ಮುಖದ ಕ್ರೀಮಿಗೂ ಮೂತ್ರಕ್ಕೂ ಏನು ಸಂಬಂಧ ಅಂತ ಚಿಕ್ಕಮ್ಮ ಸಿಟ್ಟಾದರು. ಸಂಬಂಧ ಇದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಮೂತ್ರಪಿಂಡ ತಜ್ಞರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ನೋಡಿದ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳಲ್ಲಿ 15 ಜನರಿಗೆ ಅದರದೇ ಒಂದು ಅಪರೂಪದ ರೂಪವಿತ್ತು. ಆ 15 ಜನರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. ಪಾದರಸವೂ ಚರ್ಮದಲ್ಲಿ ಬಣ್ಣ ಹುಟ್ಟುವುದನ್ನು ತಡೆಯುತ್ತದೆ, ಆದರೆ ಚರ್ಮದ ಮೂಲಕ ಒಳಗಿಳಿದು ಕಿಡ್ನಿಗೆ ಹೋಗುತ್ತದೆ. ಕಾಲು ಊದುವುದು, ಮೂತ್ರದಲ್ಲಿ ನೊರೆ ನಿಲ್ಲುವುದು ಅದರ ಗುರುತುಗಳು. ಚಿಕ್ಕಮ್ಮನ ಪರೀಕ್ಷೆ ಸರಿಯಾಗಿಯೇ ಬಂತು. ಡಬ್ಬಿ ಎಸೆದದ್ದು ಮಾತ್ರ ಮೂರು ದಿನ ಜಗಳವಾಡಿದ ಮೇಲೆ.

ಕಾನೂನು ಇಲ್ಲವೇ ಅಂತ ಕೇಳುತ್ತೀರಿ. ಇದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲ ಅಂತ ಮಾಡಿತು. ಕಪ್ಪಗಿರುವವರನ್ನು ದುಃಖಿಗಳ ಹಾಗೆ, ಕೈಲಾಗದವರ ಹಾಗೆ ತೋರಿಸಬಾರದು ಅಂತ ಜಾಹೀರಾತುದಾರರ ಮಂಡಳಿ 2014ರಲ್ಲೇ ನಿಯಮ ಮಾಡಿತ್ತು. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ಒಳ್ಳೆಯದೇ. ಆದರೆ ನನ್ನ ಮುಖ ಸುಟ್ಟ ಟ್ಯೂಬಿಗೆ ಟಿವಿಯಲ್ಲಿ ಯಾವ ಜಾಹೀರಾತೂ ಬಂದಿರಲಿಲ್ಲ, ಯಾವ ನಟಿಯೂ ಅದನ್ನು ಹಚ್ಚಿರಲಿಲ್ಲ. ಅದು ಬಂದದ್ದು ಪಾರ್ಲರ್ ಅಕ್ಕನಿಂದ ಅತ್ತೆ ಮಗಳಿಗೆ, ಅವಳಿಂದ ನನಗೆ. ಪ್ರೀತಿಯಿಂದಲೇ ಬಂತು. ಅದಕ್ಕೆ ಯಾವ ಮಂಡಳಿಗೆ ದೂರು ಕೊಡುವುದು?

ಬಿಡಿಸಿಕೊಳ್ಳಲು ಎಂಟು ತಿಂಗಳು ಬೇಕಾಯಿತು. ಮೊದಲ ಎರಡು ತಿಂಗಳು ದುಪಟ್ಟಾ ಸುತ್ತಿಕೊಂಡೇ ಪಾಠ ಮಾಡಿದೆ. ನನಗೆ ಕಡಿಮೆ ಶಕ್ತಿಯ ಮದ್ದಿಗಿಳಿಸಿ ನಿಧಾನವಾಗಿ ನಿಲ್ಲಿಸಿದರು. ಇಂಥದ್ದನ್ನು ಹಚ್ಚುತ್ತಿರುವವರು ಇದನ್ನು ಓದಿ ಹೆದರಿ ಟ್ಯೂಬು ಎಸೆದು ಮನೆಯಲ್ಲೇ ನರಳಬೇಡಿ. ನಿಮಗೆ ಹೇಗೆ ಬಿಡಿಸಬೇಕು ಅಂತ ಚರ್ಮದ ಡಾಕ್ಟರೇ ಹೇಳಬೇಕು. ಹೋಗುವಾಗ ಟ್ಯೂಬು ತೆಗೆದುಕೊಂಡು ಹೋಗಿ, ನಾಚಿಕೆಗೆ ಸುಳ್ಳು ಹೇಳಬೇಡಿ. ಕೆಂಪು ಗೆರೆಗಳು ನನ್ನ ಎಡಗೆನ್ನೆಯಲ್ಲಿ ಇನ್ನೂ ಇವೆ. ಆ ಸಂಬಂಧ ಮುರಿಯಿತು, ಜಾತಕ ಅಂದರು.

ಅಂಗಡಿಯಲ್ಲಿ ಟ್ಯೂಬು ಕೈಗೆ ಬಂದರೆ ತಿರುಗಿಸಿ. ಆರ್‌ಎಕ್ಸ್ ಗುರುತು, 'ಶೆಡ್ಯೂಲ್ ಎಚ್' ಅನ್ನುವ ಎಚ್ಚರಿಕೆ ಇದ್ದರೆ ಅದು ಸೌಂದರ್ಯ ಸಾಮಗ್ರಿಯಲ್ಲ, ಔಷಧಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಇವೆಲ್ಲ ಸ್ಟೆರಾಯ್ಡ್‌ಗಳೇ. ಗಜಕರ್ಣಕ್ಕೆ, ತುರಿಕೆಗೆ ಅಂತ ಮನೆಯಲ್ಲಿ ಬಿದ್ದಿರುವ ಟ್ಯೂಬುಗಳಲ್ಲೂ ಇರುತ್ತವೆ, ಅವನ್ನೂ ಮುಖಕ್ಕೆ ಸವರಬೇಡಿ. ಏನೂ ಬರೆದಿಲ್ಲದ ಡಬ್ಬಿಯಂತೂ ಮುಟ್ಟಲೇಬೇಡಿ.

ಹೋದ ವಾರ ಅಮ್ಮನ ಬಿಪಿ ಮಾತ್ರೆಗೆ ಅದೇ ಮೆಡಿಕಲ್ ಶಾಪಿಗೆ ಹೋಗಿದ್ದೆ. ಪಕ್ಕದಲ್ಲಿ ಕಾಲೇಜು ಹುಡುಗನೊಬ್ಬ, "ಅಣ್ಣ, ಅದೇ ಕ್ರೀಮ್" ಅಂದ. ಅಂಗಡಿಯವರು ಮಾತಿಲ್ಲದೆ ಟ್ಯೂಬು ತಳ್ಳಿದರು. ತಡೆಯಲಾಗಲಿಲ್ಲ. "ಹಿಂದೆ ತಿರುಗಿಸಿ ಓದಪ್ಪ ಒಂದ್ಸಲ" ಅಂದೆ. ಅವನು ನನ್ನ ಎಡಗೆನ್ನೆ ನೋಡಿದ, ಆಮೇಲೆ ನಕ್ಕ. "ಇಲ್ಲ ಅಕ್ಕ, ನಾನು ಏಳು ತಿಂಗಳಿಂದ ಹಚ್ತಾ ಇದ್ದೀನಿ, ಏನೂ ಆಗಿಲ್ಲ. ನೋಡಿ ಎಷ್ಟು ಚೆನ್ನಾಗಿದೆ" ಅಂತ ಮುಖವನ್ನು ಟ್ಯೂಬ್‌ಲೈಟಿನ ಬೆಳಕಿಗೆ ತಿರುಗಿಸಿದ. ಚೆನ್ನಾಗಿಯೇ ಇತ್ತು. ಮೂಗಿನ ಪಕ್ಕದಲ್ಲಿ ಎರಡು ಸಣ್ಣ ಕೆಂಪು ಎಳೆಗಳಿದ್ದವು.