ತೋಟದ ದುಡ್ಡು ಫಂಡಿಗೆ ಹೋಗುವ ಮೂರು ದಾರಿ: ಸಿಪ್, ಇಡುಗಂಟು, ಎಸ್‌ಟಿಪಿ

ಮ್ಯೂಚುವಲ್ ಫಂಡ್ ಬಗ್ಗೆ ಸಿಗುವ ಸಲಹೆಗಳೆಲ್ಲ ತಿಂಗಳ ಸಂಬಳದವರಿಗೆ ಹೊಲಿದ ಅಂಗಿ. ಒಂದನೇ ತಾರೀಖು ಸಂಬಳ, ಐದಕ್ಕೆ ಸಿಪ್, ಅಂದರೆ ಫಂಡಿಗೆ ತಿಂಗಳ ಕಂತು. ಕೊಡಗಿನ ತೋಟದ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ ಜನವರಿಗೆ ಮುಗಿದರೆ ರೊಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತದೆ, ಅದರ ಬೆನ್ನಿಗೇ ಕರಿಮೆಣಸು. ಚೆರಿ ಮೂಟೆ ಮಾರಿದ ದುಡ್ಡು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಎರಡು ಮೂರು ಕಂತಿನಲ್ಲಿ ಬಂದುಬಿಡುತ್ತದೆ. ಆಮೇಲೆ ಮುಂದಿನ ಕೊಯ್ಲಿನವರೆಗೆ ಬರೀ ಖರ್ಚಿನ ಬಾಬ್ತು.

ಆದ್ದರಿಂದ ಯಾವ ಫಂಡ್ ಎಂದು ತಲೆಕೆಡಿಸಿಕೊಳ್ಳುವ ಮೊದಲು, ಹಣ ಯಾವ ದಾರಿಯಲ್ಲಿ ಫಂಡಿಗೆ ಹೋಗಬೇಕು ಎಂದು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ತಿಂಗಳ ಸಿಪ್, ಒಂದೇ ಸಲದ ಇಡುಗಂಟು, ಒಂದು ಫಂಡಿನಿಂದ ಇನ್ನೊಂದಕ್ಕೆ ಕಂತಿನಲ್ಲಿ ಸಾಗಿಸುವ ಎಸ್‌ಟಿಪಿ, ಈ ಮೂರೂ ದಾರಿಯಲ್ಲಿ ಹಣ ಹಾಕಿ ನೋಡಿದಾಗ ಎದ್ದು ಕಂಡ ವ್ಯತ್ಯಾಸಗಳು ಇಲ್ಲಿವೆ.

ಮೊದಲು ಪಕ್ಕಕ್ಕಿಡಬೇಕಾದ್ದು

ಲೆಕ್ಕಕ್ಕೆ 12 ಲಕ್ಷ ಕೈಗೆ ಬಂತು ಎಂದು ಇಟ್ಟುಕೊಳ್ಳೋಣ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್ ಬೇಕು. ಮೇ ತಿಂಗಳಲ್ಲಿ ಗೊಬ್ಬರ, ಮರಗಸಿ, ಮಳೆ ಹಿಡಿಯುವ ಮೊದಲು ಬೋರ್ಡೋ ಸಿಂಪಡಣೆ, ನಡುವೆ ಕಳೆ, ಸೆಪ್ಟೆಂಬರ್‌ನಲ್ಲಿ ಮತ್ತೆ ಗೊಬ್ಬರ, ಇದರ ಜೊತೆಗೆ ವಾರವಾರದ ಬಟವಾಡೆ. ಇದಕ್ಕೆಲ್ಲ 4 ಲಕ್ಷ. ಇನ್ನೊಂದು 2 ಲಕ್ಷ ಆಪತ್ತಿಗೆ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದ ಜಿಲ್ಲೆಯಲ್ಲಿ ಇದು ಯಾಕೆ ಎಂದು ಯಾರೂ ಕೇಳಲಾರರು. ಈ 6 ಲಕ್ಷ ಷೇರು ಫಂಡಿನ ಕಡೆ ತಲೆಹಾಕಬಾರದು. ಲಿಕ್ವಿಡ್ ಫಂಡ್ (ಅಲ್ಪಾವಧಿಯ ಸಾಲಪತ್ರಗಳಲ್ಲಿ ಹಣ ಇಡುವ ಫಂಡ್), ಸಣ್ಣ ಅವಧಿಯ ಎಫ್‌ಡಿ ಎರಡರಲ್ಲೂ ಹಂಚಿರಲಿ. ಹಲವು ಲಿಕ್ವಿಡ್ ಫಂಡ್‌ಗಳಲ್ಲಿ ತಕ್ಷಣ ಹಣ ತೆಗೆಯುವ ಸೌಲಭ್ಯ ಇದೆ: ದಿನಕ್ಕೆ 50,000 ರೂಪಾಯಿ ಅಥವಾ ಇರುವ ಮೊತ್ತದ ಶೇ 90, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು. ಆದರೆ ಅದಕ್ಕೆ ಒಟಿಪಿ ಬರಬೇಕು. ಜುಲೈ ಗಾಳಿಮಳೆಗೆ ಕರೆಂಟೂ ಇಲ್ಲ ಟವರೂ ಇಲ್ಲ ಎಂಬ ವಾರಕ್ಕೆ ಮನೆಯಲ್ಲಿ ನಗದು ಇರಲೇಬೇಕು, ಅದಕ್ಕೆ ಯಾವ ಫಂಡೂ ಬದಲಿಯಲ್ಲ.

ಚಿನ್ನದ ಸಾಲವೋ ಕೈಸಾಲವೋ ಇದ್ದರೆ ಉಳಿದ ದುಡ್ಡು ಮೊದಲು ಅಲ್ಲಿಗೆ ಹೋಗಲಿ. ಸಾಲದ ಬಡ್ಡಿ ಖಚಿತ, ಫಂಡಿನ ಗಳಿಕೆ ಖಚಿತವಲ್ಲ.

ದಾರಿ ಒಂದು: ಉಳಿತಾಯ ಖಾತೆಯಿಂದ ತಿಂಗಳ ಸಿಪ್

ಹೊಂದಿಸಲು ಇದಕ್ಕಿಂತ ಸುಲಭದ್ದು ಇಲ್ಲ. ಒಮ್ಮೆ ಬ್ಯಾಂಕ್ ಮ್ಯಾಂಡೇಟ್ ಆದರೆ ನೆಟ್‌ವರ್ಕ್ ಇರಲಿ ಬಿಡಲಿ ದುಡ್ಡು ಹೋಗುತ್ತಿರುತ್ತದೆ. ಕೆಡುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ತೋಟದ ಖರ್ಚಿನ ಖಾತೆಗೇ ಸಿಪ್ ಕಟ್ಟಿದ್ದರೆ ಗೊಬ್ಬರದ ಬಿಲ್ಲು ಕಟ್ಟಿದ ವಾರ ಖಾತೆ ಬರಿದಾಗಿ ಕಂತು ವಾಪಸಾಗುತ್ತದೆ. ಬ್ಯಾಂಕು ಪ್ರತಿ ಸಲಕ್ಕೂ ದಂಡ ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. ತಿಂಗಳ ಸಿಪ್ ಸತತ ಮೂರು ಸಲ ತಪ್ಪಿದರೆ ಫಂಡ್ ಕಂಪನಿ ಅದನ್ನು ರದ್ದು ಮಾಡುತ್ತದೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗುವುದೇ ಮುಂದಿನ ಮಾರ್ಚ್‌ನಲ್ಲಿ.

ಸಿಪ್ಪೇ ಬೇಕು ಎನ್ನುವವರು ಅದಕ್ಕೆಂದೇ ಬೇರೆ ಉಳಿತಾಯ ಖಾತೆ ತೆರೆದು ವರ್ಷದ ಹಣ ಅದರಲ್ಲಿ ಇಡಬಹುದು. ದಾರಿ ಗಟ್ಟಿಯೇ, ಆದರೆ ಅಷ್ಟು ತಿಂಗಳೂ ಆ ಹಣಕ್ಕೆ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಹೋಂಸ್ಟೇ ನಡೆಸುವವರಿಗೆ, ಮನೆಯಲ್ಲಿ ಒಬ್ಬರಿಗೆ ಸಂಬಳವೋ ಪಿಂಚಣಿಯೋ ಬರುವವರಿಗೆ ಸಿಪ್ ಸರಿಯಾದ ದಾರಿ. ಅವರು ಮುಂದಿನ ಎರಡು ದಾರಿ ಓದದಿದ್ದರೂ ನಡೆಯುತ್ತದೆ.

ದಾರಿ ಎರಡು: ಇಡುಗಂಟು ಒಂದೇ ಸಲ

ಷೇರುಪೇಟೆ ಇಳಿಯುವ ವರ್ಷಗಳಿಗಿಂತ ಏರುವ ವರ್ಷಗಳು ಹೆಚ್ಚು. ಆದ್ದರಿಂದ ಸರಾಸರಿಯಲ್ಲಿ, ಇರುವ ಹಣವನ್ನು ಒಂದೇ ಸಲ ಹಾಕಿದವರೇ ಮುಂದೆ. ಇದನ್ನು ಮುಚ್ಚಿಟ್ಟು ಎಸ್‌ಟಿಪಿ ಮಾರುವವರು ಪೂರ್ತಿ ಸತ್ಯ ಹೇಳುತ್ತಿಲ್ಲ. 2021ರಲ್ಲಿ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಜನವರಿಯ 14,000ದ ಆಸುಪಾಸಿನಿಂದ ಅಕ್ಟೋಬರ್‌ಗೆ 18,000 ದಾಟಿತು; ಆ ವರ್ಷ ಕಂತು ಮಾಡಿದವರು ಜನವರಿಗಿಂತ ಹೆಚ್ಚು ಬೆಲೆಗೇ ಯೂನಿಟ್ ಕೊಂಡರು.

ಅದರ ಹಿಂದಿನ ವರ್ಷದ ಕಥೆ ಬೇರೆ. 2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಬಂದು ನಿಂತಿತು. 6 ಲಕ್ಷ ಹಾಕಿದವರಿಗೆ ಕಾಣುತ್ತಿದ್ದುದು 3.7 ಲಕ್ಷ. ನವೆಂಬರ್‌ಗೆ ಹಳೆಯ ಮಟ್ಟ ಮತ್ತೆ ಬಂತು, ನಿಜ. ಆದರೆ ತೋಟದ ಮನೆಯ ಕಷ್ಟ ಇರುವುದು ನಡುವಿನ ತಿಂಗಳುಗಳಲ್ಲೇ: ಆಗ ಕೈಯಲ್ಲಿ ಬೇರೆ ಆದಾಯ ಇಲ್ಲ, ಗೊಬ್ಬರದ ಸಮಯ ಬಂದಿದೆ, ಕಣ್ಣೆದುರು ನಷ್ಟ. ಆಗ ಮಾರಿದವರ ನಷ್ಟವೇ ಕಾಯಂ ಆದದ್ದು.

ದಾರಿ ಮೂರು: ಲಿಕ್ವಿಡ್‌ನಿಂದ ಎಸ್‌ಟಿಪಿ

ಪಕ್ಕಕ್ಕಿಟ್ಟದ್ದು ಹೋಗಿ ಉಳಿದ ಇಡೀ 6 ಲಕ್ಷವನ್ನು ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ತಿಂಗಳಿಗೆ 50,000ದಂತೆ 12 ಕಂತಿನಲ್ಲಿ ಷೇರು ಫಂಡಿಗೆ ತಾನಾಗಿ ಹೋಗುವಂತೆ ಬರೆದುಕೊಡುವುದು. ಬ್ಯಾಂಕ್ ಮ್ಯಾಂಡೇಟ್ ಬೇಡ, ಕಂತು ವಾಪಸಾಗುವ ಮಾತೇ ಇಲ್ಲ. ಲಿಕ್ವಿಡ್ ಫಂಡಿಗೆ ಶೇ 6 ಎಂದು ಹಿಡಿದರೆ ಕರಗುತ್ತಾ ಹೋಗುವ ಮೊತ್ತದ ಮೇಲೂ ವರ್ಷಕ್ಕೆ ಸುಮಾರು 19,500 ರೂಪಾಯಿ ಹುಟ್ಟುತ್ತದೆ. ಶೇ 3ರ ಉಳಿತಾಯ ಖಾತೆಯಲ್ಲಿ ಅದರ ಅರ್ಧ.

ಎಡವುವ ಜಾಗಗಳು ಇಲ್ಲೂ ಇವೆ. ಎರಡೂ ಫಂಡ್ ಒಂದೇ ಕಂಪನಿಯದಾಗಿರಬೇಕು. ಒಂದು ಕಂಪನಿಯ ಲಿಕ್ವಿಡ್‌ನಿಂದ ಇನ್ನೊಂದರ ಷೇರು ಫಂಡಿಗೆ ಎಸ್‌ಟಿಪಿ ಆಗದು. ಹಾಗಾಗಿ ಮೊದಲು ಷೇರು ಫಂಡ್ ಆರಿಸಿಕೊಂಡು ಆಮೇಲೆ ಅದೇ ಕಂಪನಿಯ ಲಿಕ್ವಿಡ್ ಫಂಡಿಗೆ ಹೋಗಬೇಕು. ಆಪತ್ತಿನ ಹಣವನ್ನು ಇದೇ ಫೋಲಿಯೋದಲ್ಲಿ (ಫಂಡ್ ಕಂಪನಿಯಲ್ಲಿನ ನಿಮ್ಮ ಖಾತೆ) ಬೆರೆಸಬೇಡಿ, ತಿಂಗಳು ಕಳೆದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಲಿಕ್ವಿಡ್‌ಗೆ ಹಾಕಿ ಏಳು ದಿನದೊಳಗೆ ತೆಗೆದರೆ ಸಣ್ಣ ಎಕ್ಸಿಟ್ ಲೋಡ್, ಅಂದರೆ ಬೇಗ ಹೊರಬಂದದ್ದಕ್ಕೆ ಶುಲ್ಕ, ಇದೆ, ಮೊದಲ ಕಂತನ್ನು ಎರಡನೇ ವಾರಕ್ಕಿಡಿ.

ಹಣ ನಿಮ್ಮದೇ ಖಾತೆಯಿಂದ ಹೋಗಬೇಕು. ಕಾಫಿ ಬಿಲ್ಲು ಅಪ್ಪನ ಹೆಸರಿಗೆ, ಫೋಲಿಯೋ ಮಗನ ಹೆಸರಿಗೆ ಇದ್ದು, ಅಪ್ಪನ ಖಾತೆಯಿಂದಲೇ ಆರ್‌ಟಿಜಿಎಸ್ ಮಾಡಿದರೆ ಮೂರನೆಯವರ ಹಣವೆಂದು ವಾಪಸ್ ಕಳಿಸುತ್ತಾರೆ. ಮಗನ ಖಾತೆಗೆ ಬಂದು ಅಲ್ಲಿಂದ ಹೋದರೆ ತಕರಾರಿಲ್ಲ.

ಎಸ್‌ಟಿಪಿಯ ಪ್ರತಿ ಕಂತೂ ಲಿಕ್ವಿಡ್‌ನಿಂದ ಮಾರಿದ ಹಾಗೇ ಲೆಕ್ಕ. 2023ರ ಏಪ್ರಿಲ್ ನಂತರ ಕೊಂಡ ಲಿಕ್ವಿಡ್ ಯೂನಿಟ್‌ಗಳ ಲಾಭಕ್ಕೆ ನಿಮ್ಮ ಸ್ಲ್ಯಾಬಿನ ದರದಲ್ಲೇ ತೆರಿಗೆ. ಕಾಫಿಯನ್ನು ಕಚ್ಚಾ ರೂಪದಲ್ಲಿ ಮಾರುವವರಿಗೆ ಅದು ಕೃಷಿ ಆದಾಯವಾದ್ದರಿಂದ ತೆರಿಗೆ ಇಲ್ಲ, ತಾವೇ ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಹದಮಾಡುವುದು) ಮಾಡಿ ಮಾರಿದರೆ ಶೇ 25 ಭಾಗ ವ್ಯಾಪಾರದ ಆದಾಯ. ಇಲ್ಲಿ ತೋಟವೂ ಇದ್ದು ಮಿಲಿಟರಿ ಪಿಂಚಣಿಯೂ ಬರುವ ಮನೆಗಳು ಬಹಳ. ಪಿಂಚಣಿ, ಬಡ್ಡಿ, ಫಂಡಿನ ಲಾಭ ಎಲ್ಲ ಸೇರಿ ಮೂಲ ವಿನಾಯಿತಿ ಮಿತಿ ದಾಟಿದರೆ, ತೆರಿಗೆ ಇಲ್ಲದ ಕೃಷಿ ಆದಾಯವನ್ನೂ ದರ ನಿರ್ಧರಿಸಲು ಕೂಡಿಸುತ್ತಾರೆ. ಆಗ 19,500ರ ಮೇಲೆ ಶೇ 30ರ ದರವೂ ಬೀಳಬಹುದು. ಆಡಿಟರ್ ಹತ್ತಿರ ಹೋದಾಗ ಕಾಫಿ ಬಿಲ್ಲಿನ ಜೊತೆ ಫಂಡಿನ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ಕೂಡ ಕೊಡಿ.

ನಮ್ಮ ಮತ ಎಸ್‌ಟಿಪಿಗೆ, 12 ತಿಂಗಳಿಗೆ. ಹೆಚ್ಚು ಗಳಿಸುತ್ತದೆ ಎಂದಲ್ಲ, ಇಳಿದ ವರ್ಷದಲ್ಲಿ ಮನೆಯವರು ಕೂಡಿ ಮಾರಿಸಿಬಿಡುವ ಸಂಭವ ಕಡಿಮೆ ಎಂದು. 24, 36 ತಿಂಗಳಿಗೆ ಎಳೆಯುವುದರಲ್ಲಿ ಅರ್ಥವಿಲ್ಲ, ಅಷ್ಟರಲ್ಲಿ ಮುಂದಿನ ಬೆಳೆಯ ದುಡ್ಡು ಬಂದು ಕುಳಿತಿರುತ್ತದೆ.

ಇಂಡೆಕ್ಸ್, ಫ್ಲೆಕ್ಸಿಕ್ಯಾಪ್, ಸ್ಮಾಲ್‌ಕ್ಯಾಪ್

ನಿಫ್ಟಿ 50 ಇಂಡೆಕ್ಸ್ ಫಂಡ್ ಎಂದರೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಫಂಡ್. ಅದರಲ್ಲಿ ನೋಡಬೇಕಾದ್ದು ಎರಡೇ: ಖರ್ಚಿನ ಅನುಪಾತ (ಫಂಡ್ ವರ್ಷಕ್ಕೆ ಹಿಡಿದುಕೊಳ್ಳುವ ಶುಲ್ಕ) ಮತ್ತು ಟ್ರ್ಯಾಕಿಂಗ್ ವ್ಯತ್ಯಾಸ. ಸೂಚ್ಯಂಕದ ಡಿವಿಡೆಂಡ್ ಸೇರಿದ ಲೆಕ್ಕಕ್ಕೆ, ಅಂದರೆ ಟಿಆರ್‌ಐಗೆ, ಫಂಡ್ ಎಷ್ಟು ಹಿಂದೆ ಬಿದ್ದಿದೆ ಎಂಬುದು ಆ ವ್ಯತ್ಯಾಸ. ಖರ್ಚು ಶೇ 0.2 ಎಂದು ಬರೆದು ವರ್ಷಕ್ಕೆ ಶೇ 0.6 ಹಿಂದೆ ಬೀಳುವ ಫಂಡಿಗಿಂತ, 0.3 ಖರ್ಚಿಟ್ಟು 0.35 ಹಿಂದೆ ಬೀಳುವುದು ಮೇಲು. ದೋಷವೂ ಇದೆ: ನಿಫ್ಟಿಯ ಮೂರನೇ ಒಂದು ಭಾಗದಷ್ಟು ಬ್ಯಾಂಕು ಮತ್ತು ಹಣಕಾಸು ಕಂಪನಿಗಳೇ.

ಫ್ಲೆಕ್ಸಿಕ್ಯಾಪ್‌ನಲ್ಲಿ ಮ್ಯಾನೇಜರ್‌ಗೆ ಸ್ವಾತಂತ್ರ್ಯ ಇದೆ, ಶೇ 65 ಷೇರಿನಲ್ಲಿದ್ದರೆ ಸಾಕು, ದೊಡ್ಡ ಕಂಪನಿಯೋ ಸಣ್ಣದೋ ಅವರ ಇಷ್ಟ. ಒಳ್ಳೆಯ ಮ್ಯಾನೇಜರ್ ಸಿಕ್ಕರೆ ಸೂಚ್ಯಂಕಕ್ಕಿಂತ ಮುಂದೆ ಹೋಗುತ್ತದೆ. ಆದರೆ ಅವರು ಕೆಲಸ ಬಿಟ್ಟದ್ದು, ಯೋಜನೆ ವಿಲೀನವಾದದ್ದು, ಗಾತ್ರ ಉಬ್ಬಿದ್ದು ಎಲ್ಲ ಗಮನಿಸುತ್ತಿರಬೇಕು. ಯೋಜನೆಯ ಮೂಲ ಲಕ್ಷಣವೇ ಬದಲಾದಾಗ ಎಕ್ಸಿಟ್ ಲೋಡ್ ಇಲ್ಲದೆ ಹೊರಬರಲು 30 ದಿನ ಕೊಡುತ್ತಾರೆ, ಆ ಪತ್ರವನ್ನು ಬಹಳ ಜನ ಬಿಚ್ಚಿಯೂ ನೋಡುವುದಿಲ್ಲ. ಹೋದ ವರ್ಷ ಮೊದಲ ಸ್ಥಾನ ಎಂಬುದನ್ನು ನೋಡಿ ಆರಿಸಬೇಡಿ. ಐದು ವರ್ಷದ ರೋಲಿಂಗ್ ರಿಟರ್ನ್ ನೋಡಿದರೆ ಯಾವ ದಿನ ಹಾಕಿದವರಿಗೂ ಎಷ್ಟು ಸಿಕ್ಕಿತು ಎಂಬುದು ತಿಳಿಯುತ್ತದೆ.

ಸ್ಮಾಲ್‌ಕ್ಯಾಪ್ ಎಂದರೆ ಸಣ್ಣ ಕಂಪನಿಗಳ ಷೇರಿನ ಫಂಡ್; ಅದರ ಬಗ್ಗೆ ಎರಡೇ ಮಾತು. ಬೆಳೆಯ ಬೆಲೆಯೇ ಏರಿಳಿಯುವ ಮನೆಗೆ ಇನ್ನೊಂದು ಏರಿಳಿತ ಬೇಕೇ? ಬೇಕೆಂದರೆ ಒಟ್ಟಿನಲ್ಲಿ ಶೇ 10 ದಾಟದಿರಲಿ; 2024ರಿಂದ ಫಂಡ್ ಕಂಪನಿಗಳು ಪ್ರಕಟಿಸುತ್ತಿರುವ ಸ್ಟ್ರೆಸ್ ಟೆಸ್ಟ್‌ನಲ್ಲಿ ಅರ್ಧ ಷೇರು ಮಾರಲು ಎಷ್ಟು ದಿನ ಬೇಕೆಂದು ನೋಡಿ ಹಾಕಿ.

ಒಂದು ಇಂಡೆಕ್ಸ್, ಒಂದು ಫ್ಲೆಕ್ಸಿಕ್ಯಾಪ್, 70ಕ್ಕೆ 30. ಇದಕ್ಕಿಂತ ಹೆಚ್ಚು ಫಂಡ್ ಇದ್ದ ಕಡೆಯೆಲ್ಲ ಅವೇ ಕಂಪನಿಗಳು ಎರಡೆರಡು ಸಲ ಸಿಕ್ಕವು.

ಡೈರೆಕ್ಟ್, ರೆಗ್ಯುಲರ್

2013ರ ಜನವರಿಯಿಂದ ಎಲ್ಲ ಫಂಡಿನಲ್ಲೂ ಎರಡೂ ಇವೆ. ಫಂಡ್ ಒಂದೇ, ಮ್ಯಾನೇಜರ್ ಒಬ್ಬರೇ, ರೆಗ್ಯುಲರ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ. ಆ ಅಂತರ ಶೇ 1 ಎಂದಿಟ್ಟುಕೊಂಡರೆ, 1 ಲಕ್ಷ 20 ವರ್ಷ ಶೇ 12ರಲ್ಲಿ ಬೆಳೆದಾಗ 9.65 ಲಕ್ಷ, ಶೇ 11ರಲ್ಲಿ 8.06 ಲಕ್ಷ. ವ್ಯತ್ಯಾಸವೇ ಹಾಕಿದ ಅಸಲಿಗಿಂತ ಜಾಸ್ತಿ. ಇಷ್ಟಾದರೂ ಆ್ಯಪ್ ಮುಟ್ಟದ ಹಿರಿಯರಿಗೆ, ಮನೆಗೇ ಬಂದು ಕೆವೈಸಿ, ಮರಣಾನಂತರದ ಕಾಗದಪತ್ರ ಮಾಡಿಕೊಡುವ ಒಳ್ಳೆಯ ಏಜೆಂಟರು ಸಿಕ್ಕಿದ್ದರೆ ಆ ಶೇ 1 ದಂಡವಲ್ಲ. ಪೇಟೆ ಇಳಿದಾಗ ಫೋನೂ ಎತ್ತದವರಿಗೆ ಕೊಡುವುದಾದರೆ ದಂಡವೇ.

ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಸ್ವಿಚ್ ಕೊಟ್ಟರೆ ಅದೂ ಮಾರಾಟವೇ. ಹೊಸ ಹಣ ಡೈರೆಕ್ಟ್‌ಗೆ ಹಾಕುತ್ತಾ, ಹಳೆಯದನ್ನು ವರ್ಷದ 1.25 ಲಕ್ಷ ಲಾಭದ ವಿನಾಯಿತಿಯೊಳಗೆ ಸ್ವಲ್ಪ ಸ್ವಲ್ಪವಾಗಿ ಸಾಗಿಸಿ. ಒಂದು ವರ್ಷ ದಾಟಿದ ಷೇರು ಫಂಡಿನ ಲಾಭಕ್ಕೆ ಆ ಮಿತಿಯ ಮೇಲೆ ಶೇ 12.5, ವರ್ಷದೊಳಗೆ ಮಾರಿದರೆ ಶೇ 20. ಎಸ್‌ಟಿಪಿಯ ಪ್ರತಿ ಕಂತಿಗೂ ಅದರದೇ ವರ್ಷ. ಏಪ್ರಿಲ್‌ನಲ್ಲಿ ಶುರುಮಾಡಿದ್ದು ಮುಂದಿನ ಏಪ್ರಿಲ್‌ಗೆ ಇಡಿಯಾಗಿ ಹಳೆಯದಾಗುವುದಿಲ್ಲ.

ವರ್ಷಕ್ಕೊಮ್ಮೆ ಕೂರುವಾಗ

ಮಾರ್ಚ್ ಎರಡನೇ ವಾರ ಸಾಕು. 70:30 ಅನುಪಾತ 5 ಅಂಶಕ್ಕಿಂತ ಹೆಚ್ಚು ಸರಿದಿದ್ದರೆ, ಏನನ್ನೂ ಮಾರದೆ, ಹೊಸ ಬೆಳೆಯ ದುಡ್ಡನ್ನು ಹಿಂದೆ ಬಿದ್ದ ಕಡೆ ಹಾಕಿ ಸರಿಮಾಡಿ. ವಿನಾಯಿತಿ ಬಳಸಲು ಮಾರುವುದಿದ್ದರೆ ಕೊನೆಯ ವಾರಕ್ಕೆ ತಳ್ಳಬೇಡಿ. ಮಧ್ಯಾಹ್ನ 3 ಗಂಟೆ ದಾಟಿದರೆ ಮರುದಿನದ ಎನ್‌ಎವಿ (ಯೂನಿಟ್ ಬೆಲೆ), ಹಣ ಬರಲು ಇನ್ನೂ ಎರಡು ಕೆಲಸದ ದಿನ.

ಹೆಸರಿನ ತೊಡಕು ನಮ್ಮಲ್ಲಿ ಹೆಚ್ಚು. ಮನೆತನದ ಹೆಸರು ಪ್ಯಾನಿನಲ್ಲಿ ಪೂರ್ತಿ, ಆಧಾರ್‌ನಲ್ಲಿ ಇನಿಷಿಯಲ್, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಇನ್ನೂ ಜಟಿಲ, ಗಂಡನ ಮನೆತನದ ಹೆಸರು ಒಂದು ಕಾಗದದಲ್ಲಿ ಬಂದಿರುತ್ತದೆ, ಇನ್ನೊಂದರಲ್ಲಿ ತವರಿನದೇ ಉಳಿದಿರುತ್ತದೆ. ಹಾಕುವಾಗ ದಾಟಿದ ಹೆಸರು ತೆಗೆಯುವಾಗ ಸಿಕ್ಕಿಬೀಳಬಹುದು. ಮೂರನ್ನೂ ಒಂದೇ ರೀತಿ ಮಾಡಿಸಿ, ಆಮೇಲೆ ದೊಡ್ಡ ಮೊತ್ತ ಹಾಕಿ. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು ಮಾತ್ರ, ಹಕ್ಕು ಕಾನೂನಿನ ವಾರಸುದಾರರದ್ದು. ಒಕ್ಕದ (ಕೊಡವ ಮನೆತನದ) ಪಾಲಿನ ಹಣ ಒಬ್ಬರ ಫೋಲಿಯೋದಲ್ಲಿದ್ದರೆ ಅದು ಯಾರ ಪಾಲು ಎಂದು ಬರೆದಿಡಿ.

ನಿವೃತ್ತರಿಗೆ: ಎಸ್‌ಸಿಎಸ್‌ಎಸ್ ಅಥವಾ ಎಸ್‌ಡಬ್ಲ್ಯೂಪಿ

ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಶೇ 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ, ಒಬ್ಬರಿಗೆ 30 ಲಕ್ಷದವರೆಗೆ. ಸೇನೆಯಿಂದ ನಿವೃತ್ತರಾದವರಿಗೆ 60 ಆಗಬೇಕಿಲ್ಲ, ಉಳಿದ ಷರತ್ತು ಪೂರೈಸಿದರೆ 50ಕ್ಕೇ ತೆರೆಯಬಹುದು. ಪೂರ್ತಿ ಬಡ್ಡಿಗೆ ತೆರಿಗೆ ಉಂಟು. ಫಂಡಿನಿಂದ ತಿಂಗಳುತಿಂಗಳು ತೆಗೆಯುವ ಎಸ್‌ಡಬ್ಲ್ಯೂಪಿಯಲ್ಲಿ ಲಾಭದ ಭಾಗಕ್ಕಷ್ಟೇ ತೆರಿಗೆ, ಆದರೆ ಪೇಟೆ ಇಳಿದ ತಿಂಗಳಲ್ಲಿ ಅದೇ ಮೊತ್ತಕ್ಕೆ ಹೆಚ್ಚು ಯೂನಿಟ್ ಮಾರಾಟವಾಗಿ ಗಂಟು ಬೇಗ ಕರಗುತ್ತದೆ. ಮನೆಖರ್ಚಿಗೆ ಮೊದಲು ಎಸ್‌ಸಿಎಸ್‌ಎಸ್ ತುಂಬಿಸಿ. ಅದು ಸಾಲದಿದ್ದರೆ ಮಾತ್ರ ಎಸ್‌ಡಬ್ಲ್ಯೂಪಿ, ಅದೂ ಯೂನಿಟ್‌ಗಳಿಗೆ ವರ್ಷ ತುಂಬಿದ ಮೇಲೆ, ವರ್ಷಕ್ಕೆ ಗಂಟಿನ ಶೇ 4 ಮೀರದಂತೆ.